ಬಾವಿದೆವ್ವದ ಗಿಟಾರು

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದೊಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೊ ಇದೆ. ಬಾಗಿಲು ಹಾಕಿ, ಹೆಡ್‌ಫೋನ್ ಸಿಕ್ಕಿಸಿಕೊಂಡು ದಿನವಿಡೀ ಕೂರುವವನಿಗೆ ಆಗಾಗ ಇಲ್ಲದ ಸದ್ದೂ ಕೇಳುತ್ತದೆ, ಅದು ಮಾಮೂಲು. ಆದರೆ ಗುಬ್ಬಿಯ ಗಣಿತದ ಮೇಷ್ಟ್ರ ಜೊತೆ ಸೇರಿದ ಮೇಲೆ ಕೇಳಿಸಿದ್ದೇ ಬೇರೆ.

ಹೆಸರು ಬಂದಿದ್ದು

ಮೇಷ್ಟ್ರಿಗೆ ರಾಕ್ ಗಿಟಾರಿನ ಹುಚ್ಚು. ಮನೆಯಲ್ಲಿ ನುಡಿಸಿದರೆ ಅವರಪ್ಪ ಮೇನ್ ಸ್ವಿಚ್ಚನ್ನೇ ಆರಿಸುತ್ತಿದ್ದರು. ಹಾಗಾಗಿ ಭಾನುವಾರ ಬ್ಯಾಟರಿ ಸ್ಪೀಕರ್ ಹೊತ್ತುಕೊಂಡು ಅಮೃತೂರಿನ ಹತ್ತಿರ ಸೋದರಮಾವನ ತೋಟಕ್ಕೆ ಹೋಗುತ್ತಿದ್ದರು. ಅಲ್ಲೊಂದು ಬತ್ತಿದ ಮೆಟ್ಟಿಲು ಬಾವಿ. ತಳದಲ್ಲಿ ಕೂತು ಒಂದು ತಂತಿ ಮೀಟಿದರೆ ನಾಲ್ಕು ಕಡೆಯಿಂದ ಗೋಳಾಡಿದ ಹಾಗೆ ಕೇಳುತ್ತಿತ್ತಂತೆ.

ಮಟಮಟ ಮಧ್ಯಾಹ್ನ ಬಾವಿ ಅಳುತ್ತದೆ ಅಂತ ಊರೆಲ್ಲ ಸುದ್ದಿಯಾಯಿತು. ಮೂರು ವಾರ ಆ ಕಡೆ ಯಾರೂ ಸುಳಿಯಲಿಲ್ಲ. ನಾಲ್ಕನೇ ವಾರ ನಿಂಬೆಹಣ್ಣು, ಕುಂಕುಮ ಹಿಡಿದು ಪೂಜಾರಿ ಬಂದ. ಹಿಂದೆ ಇಪ್ಪತ್ತು ಜನ. ಬಾವಿಯೊಳಗೆ ಬಗ್ಗಿ ನೋಡುವ ಧೈರ್ಯ ಯಾರಿಗೂ ಇಲ್ಲ. ಪೂಜಾರಿ ದೂರದಿಂದಲೇ ಕೇಳಿದ: "ಯಾರವ್ವ ನೀನು? ನಿಂಗೇನ್ ಬೇಕು?"

ತಂತಿ ಸರಿಮಾಡುತ್ತಿದ್ದ ಮೇಷ್ಟ್ರು ಕೆಳಗಿಂದ ಹೇಳಿದರು: "ಇನ್ನರ್ಧ ಗಂಟೆ ಬೇಕು. ಆಮೇಲೆ ಮೇಲ್ ಬರ್ತೀನಿ."

ಅರ್ಧ ಗಂಟೆ ಬಿಟ್ಟು ಮೇಲೆ ಬಂದಾಗ ಅಲ್ಲಿದ್ದದ್ದು ನಿಂಬೆಹಣ್ಣು ಮತ್ತು ಹದಿನೇಳು ಚಪ್ಪಲಿ. ಅವತ್ತಿಂದ ಅವರು ಬಾವಿದೆವ್ವ. ಮುಂದೆ ನನ್ನ ಜೊತೆ ಮಾಡಿದ ಗಿಟಾರ್ ಆಲ್ಬಮ್ಮಿಗೂ ಅದೇ ಹೆಸರಿಟ್ಟರು.

ಹೂಂಗುಟ್ಟಿದ್ದು

ಆಲ್ಬಮ್ಮನ್ನು ಬಾವಿಯಲ್ಲೇ ರೆಕಾರ್ಡ್ ಮಾಡಬೇಕು ಅಂತ ಹಟ ಹಿಡಿದರು. ಮೈಕು, ವೈರು ಎಲ್ಲ ಇಳಿಸಿದೆ. ಮೊದಲ ತುಣುಕು ಮುಗಿದು ಸದ್ದಡಗುವ ಹೊತ್ತಿಗೆ ನನ್ನ ಹೆಡ್‌ಫೋನಿನಲ್ಲಿ ಯಾರೋ "ಹೂಂ" ಅಂದರು. ಎರಡನೇ ಸಲವೂ "ಹೂಂ". ಮೇಷ್ಟ್ರು ಬಾಯಿ ತೆರೆದಿರಲಿಲ್ಲ. ಮೂರನೇ ಸಲಕ್ಕೆ ತಲೆಯೆತ್ತಿದೆ. ಮೆಟ್ಟಿಲ ಮೇಲ್ತುದಿಯಲ್ಲಿ, ಮೇಕೆ ಮೇಯಿಸುವ ಒಬ್ಬ ಅಜ್ಜಿ ಗಲ್ಲಕ್ಕೆ ಕೈಕೊಟ್ಟು ಕೂತಿತ್ತು.

ಹೆದರಿಕೆಯಾಗಲ್ವಾ ಅಂತ ಕೇಳಿದೆ. "ದೆವ್ವ ಅಂತ ಗೊತ್ತು ಬುಡಪ್ಪ," ಅಂದಿತು. "ಪಾಪ, ಅಷ್ಟೊಂದ್ ಕಷ್ಟ ಹೇಳ್ಕತದೆ. ಹೂಂ ಅನ್ನೋರಾದ್ರೂ ಬ್ಯಾಡ್ವಾ?"

ಆ "ಹೂಂ"ಗಳನ್ನು ಅಳಿಸಬೇಡಿ ಅಂದರು ಮೇಷ್ಟ್ರು. ಈಗಲೂ ಆಲ್ಬಮ್ಮಿನಲ್ಲಿವೆ.

ಊಟದ ಹಾಡು

ಗೂಳೂರಿನ ಒಬ್ಬ ತಾಯಿ ಸ್ಟುಡಿಯೊಗೆ ಬಂದು ಬಾವಿದೆವ್ವ ಇದೆಯಾ ಅಂತ ಕೇಳಿದರು. ಸಂಗೀತ ಇಷ್ಟಾನಾ ಅಂದೆ. ಇಲ್ಲವಂತೆ, ಮಗಳು ಅನ್ನ ತಿನ್ನಲ್ಲವಂತೆ. ಪಕ್ಕದ ಮನೆಯಲ್ಲಿ ಎರಡನೇ ಹಾಡು ಹಾಕಿದೊಡನೆ ತಟ್ಟೆ ಖಾಲಿಯಾಗುತ್ತದಂತೆ. ಇದನ್ನು ಮೇಷ್ಟ್ರಿಗೆ ಅಳುಕುತ್ತಲೇ ಹೇಳಿದೆ. ಅವರು "ಮೊಸರನ್ನದವರೆಗೂ ಬರುತ್ತೇನ್ರೀ? ಆ ಹಾಡು ಚಿಕ್ಕದು," ಅಂದರು.

ಮುಚ್ಚಿದ ಮೇಲೆ

ಈಗ ತುಮಕೂರಿನಲ್ಲಿ ಗಿಟಾರ್ ಕಲಿಯುವವರೆಲ್ಲ ಆ ಆಲ್ಬಮ್ಮನ್ನೇ ನುಡಿಸಿ ನುಡಿಸಿ ಬೆರಳು ಪಳಗಿಸುತ್ತಾರೆ. ಬಾವಿ ಮಾತ್ರ ಉಳಿಯಲಿಲ್ಲ. ಹೋದ ವರ್ಷ ಮಾವ ಜೆಸಿಬಿ ತರಿಸಿ ಮಣ್ಣು ತುಂಬಿಸಿದರು. ಆಮೇಲೊಂದು ಭಾನುವಾರ ಮೇಷ್ಟ್ರು, ಒಂದ್ಸಲ ನೋಡಿ ಬರೋಣ ಅಂತ ನನ್ನನ್ನೂ ಕರೆದುಕೊಂಡು ಹೋದರು.

ಬಿರುಬಿಸಿಲು, ಗಾಳಿಯಿಲ್ಲ. ಮಣ್ಣಿನ ಮೇಲೆ ನಿಂತಿದ್ದೆವು. ಕಾಲಡಿಯಿಂದ ಸಣ್ಣಗೆ ಗಿಟಾರ್ ಕೇಳಿತು, ಆಲ್ಬಮ್ಮಿನ ಕೊನೆಯ ಹಾಡು. ಮೇಷ್ಟ್ರು ನನ್ನ ಕೈ ಹಿಡಿದರು. ಹತ್ತಿರದ ಮರದಲ್ಲಿ ಕಾಯಿ ಕೆಡವುತ್ತಿದ್ದವನ ಫೋನಿರಬೇಕು ಅಂದುಕೊಂಡು ಅವನನ್ನು ಕೂಗಿ ಕೇಳಿದೆ.

"ಫೋನ್ ಮನೇಲದೆ ಸಾಮಿ," ಅಂದ. "ನೀವ್ ನುಡಿಸ್ತಿಲ್ವಾ?"

ಅವನು ಮರದಿಂದ ಜಾರಿದ್ದು, ನಾವು ಓಡಿದ್ದು ಒಟ್ಟಿಗೇ. ಟಾರ್ ರೋಡಿಗೆ ಬಂದ ಮೇಲೆ ನಿಂತೆವು. ಮೇಷ್ಟ್ರ ಕಣ್ಣಲ್ಲಿ ನೀರು. ಸಮಾಧಾನ ಹೇಳಲು ಹೋದೆ.

"ಅದಲ್ಲ ರೀ," ಅಂದರು ಏದುಸಿರಿನಲ್ಲಿ. "ಆ ಹಾಡಿನ ಕೊನೇ ತಿರುವು ನಂಗೆ ಒಂದಿನಾನೂ ಸರಿಯಾಗಿ ಬಂದಿರ್ಲಿಲ್ಲ. ಅದು ಸರಿಯಾಗಿ ನುಡಿಸ್ತು."

ಚಪ್ಪಲಿ ಸರಿಮಾಡಿಕೊಂಡು ಮತ್ತೆ ತೋಟದ ಕಡೆ ತಿರುಗಿದರು. "ಇಲ್ಲೇ ಇರಿ. ಯಾವ ಬೆರಳು ಹಾಕ್ತು ಅಂತ ಕೇಳ್ಕೊಂಡು ಬಂದ್ಬಿಡ್ತೀನಿ."