ಪುಕ್ಕಟೆ ಸಿಮ್ಮಿಗೂ ಸಂಶಯ

ಸಿಮ್ ಮಾರುವವನನ್ನು ಈ ಭೂಮಿ ಮೇಲೆ ಯಾರೂ ನಂಬುವುದಿಲ್ಲ. ದಿನಾ ಒಂದಲ್ಲ ಒಂದು ಕಡೆ ಇದು ನನಗೆ ಮನದಟ್ಟಾಗುತ್ತಲೇ ಇರುತ್ತದೆ. ಹೊಸ ಮೊಬೈಲ್ ಕಂಪನಿ ನಮ್ಮ ಮೂರು ತಾಲೂಕಿಗೆ ಕಾಲಿಟ್ಟಾಗ ನನ್ನನ್ನು ಸೇರಿಸಿಕೊಂಡಿತು. ಮ್ಯಾನೇಜರು ಮೊದಲ ದಿನವೇ ಹೇಳಿದರು, "ಮೂರು ತಿಂಗಳೊಳಗೆ ಹಳೇ ಕಂಪನಿಯ ಒಂದು ಊರನ್ನಾದರೂ ಪೂರ್ತಿ ನಮ್ಮ ಕಡೆ ತಿರುಗಿಸು. ಇಲ್ಲದಿದ್ದರೆ ಬ್ಯಾಗು ತಂದಿಡು." ನನಗೋ ಮದುವೆ ನಿಶ್ಚಯವಾಗಿತ್ತು. ಹುಡುಗಿ ಮನೆಯವರಿಗೆ ಕಂಪನಿ ಕೆಲಸ ಅಂತ ಹೇಳಿಯೂ ಆಗಿತ್ತು.

೧. ಶಿರಸಿಯ ಹೆಬ್ಬೆಟ್ಟು

ಬಸ್ ಸ್ಟ್ಯಾಂಡ್ ಎದುರು ಕೊಡೆ ಬಿಡಿಸಿ ಕೂತಿದ್ದೆ. ಟೆಂಪೋ ಓಡಿಸುವ ಸಾಹೇಬರೊಬ್ಬರು ಬಂದರು.

"ಸಿಮ್ ಪುಕ್ಕಟೆ ಸಾಹೇಬರೇ, ಹೆಬ್ಬೆಟ್ಟು ಒತ್ತಿ ಸಾಕು."

"ಒತ್ತಿದ ಮೇಲೆ ಟೆಂಪೋ ಯಾರ ಹೆಸರಲ್ಲಿ ಇರ್ತದೆ?"

"ನಿಮ್ಮ ಹೆಸರಲ್ಲೇ!"

"ಅದಿರಲಿ. ನಿನ್ನ ಫೋನಲ್ಲಿ ಯಾವ ಕಂಪನಿದು?"

ಸಿಕ್ಕಿಬಿದ್ದೆ. ನನ್ನದು ಹಳೇ ಕಂಪನಿಯದ್ದೇ ಆಗಿತ್ತು. "ಹಾಗಾದ್ರೆ ಮೊದ್ಲು ನೀ ಒತ್ತು, ನಾ ನೋಡ್ತೀನಿ" ಅಂತ ಎದುರಿಗೇ ನಿಂತುಬಿಟ್ಟರು. ಒತ್ತಿದೆ. ಅವರು ತಲೆ ಆಡಿಸಿ, ಎಂಟು ದಿನ ಬಿಟ್ಟು ಬರ್ತೀನಿ, ನಿಂಗೇನೂ ಆಗದಿದ್ರೆ ನೋಡುವಾ ಅಂದು ಹೊರಟರು. ಕಂಪನಿಗೆ ನಾನು ತಂದ ಮೊದಲ ಗಿರಾಕಿ ನಾನೇ.

೨. ಕೋಲಸಿರ್ಸಿಯ ಟೆಂಡರು

ಅಲ್ಲೊಬ್ಬ ಅಡಿಕೆ ಬೆಳೆಗಾರರ ಜಗಲಿಗೆ ನಾನೂ ಹಳೇ ಕಂಪನಿಯವನೂ ಒಟ್ಟಿಗೇ ಹೋಗಿ ಮುಟ್ಟಿದೆವು. ಅವರು ಇಬ್ಬರಿಗೂ ಮಜ್ಜಿಗೆ ಕೊಟ್ಟು, ಒಂದೊಂದು ಚೀಟಿ ಕೈಗಿಟ್ಟರು.

"ಅಡಿಕೆ ವ್ಯಾಪಾರಿಗಳು ಟೆಂಡರ್ ಹಾಕೂದು ಹೀಗೇ ಅಲ್ವಾ? ಒಬ್ಬರದ್ದು ಒಬ್ಬರು ನೋಡದೆ ತಿಂಗಳ ರೇಟು ಬರೀರಿ. ಯಾರದ್ದು ಕಮ್ಮಿಯೋ ಅವರಿಗೆ ಮನೆಯ ಐದೂ ಫೋನು."

ಅಯ್ಯೋ ರಾಮ, ರೇಟು ನಮ್ಮ ಕೈಲಿದೆಯಾ? ಮೇಲಿನವರು ಹೇಳಿದ್ದನ್ನೇ ಇಬ್ಬರೂ ಬರೆದೆವು. ಚೀಟಿ ಬಿಚ್ಚಿದರೆ ಒಂದು ಪೈಸೆಯೂ ಆಚೀಚೆ ಇಲ್ಲ! ಅವರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು.

"ದಾರಿ ಮೇಲೇ ಮಾತಾಡ್ಕಂಡು ಬಂದೀರಿ ಅಲ್ದಾ? ಟೆಂಡರ್ ರದ್ದು."

ಮಜ್ಜಿಗೆ ಲೋಟವನ್ನೂ ವಾಪಸ್ ಇಸಿದುಕೊಂಡರು.

೩. ನಂದೊಳ್ಳಿಯ ಕಲ್ಲು

ಗಡುವಿಗೆ ಉಳಿದದ್ದು ಒಂದೇ ವಾರ. ಯಲ್ಲಾಪುರದ ಕಡೆ ನಂದೊಳ್ಳಿಯಲ್ಲಿ ಹಳೇ ಕಂಪನಿಯ ರೇಂಜ್ ಮನೆಯೊಳಗೆ ಸಿಗದ ಒಂದು ಕೇರಿಯಿತ್ತು. ಫೋನ್ ಮಾಡಬೇಕಾದರೆ ಎಲ್ಲರೂ ಗುಡ್ಡದ ಕಲ್ಲು ಹತ್ತಬೇಕು. ನಮ್ಮದು ಒಲೆ ಬುಡದಲ್ಲೂ ಸಿಗುತ್ತಿತ್ತು. ಗೆದ್ದೆ ಅಂದುಕೊಂಡೆ. ದೊಡ್ಡ ಮನೆಯವರು ತಗೊಂಡರೆ ಊರೇ ತಗೊಳ್ಳುತ್ತದೆ ಅಂತ ಅಲ್ಲಿಗೇ ಹೋಗಿ, ಅಡುಗೆಮನೆಯಲ್ಲೇ ವಿಡಿಯೋ ಕಾಲ್ ಮಾಡಿ ತೋರಿಸಿದೆ.

ಆ ಮನೆಯ ಅಜ್ಜಿ ನನ್ನನ್ನು ಮೂಲೆಗೆ ಕರೆದರು. "ತಮಾ, ಬ್ಯಾಡ. ಮನೆ ಒಳಗೇ ರೇಂಜ್ ಬಂದ್ರೆ ಸೊಸೆ ಸುದ್ದಿ ಮಗಳ ಹತ್ರ ಆನು ಎಲ್ಲಿ ಹೇಳವು?"

ಅಂಗಳಕ್ಕಿಳಿದರೆ ಸೊಸೆ ಹಿಂದೆಯೇ ಬಂದರು. "ಅಣ್ಣಾ, ಖಂಡಿತ ಬ್ಯಾಡ. ಅತ್ತೆ ಸುದ್ದಿ ಅಮ್ಮಂಗೆ ಹೇಳದು ಆ ಕಲ್ಲಿನ ಮೇಲೇ."

ಬೇಲಿಯ ದಣಪೆ ದಾಟುವಲ್ಲಿ ಯಜಮಾನರು ಕಾಯುತ್ತಿದ್ದರು. "ಮಾರಾಯಾ, ಕೈ ಮುಗೀತೆ. ಇಬ್ಬರೂ ಸರದಿ ಮೇಲೆ ಗುಡ್ಡಕ್ಕೆ ಹೋಗ್ತ. ಯಂಗೆ, ಈ ಬಡಪಾಯಿಗೆ, ಮನೇಲಿ ನೆಮ್ಮದಿ ಇಪ್ಪದೇ ಅಷ್ಟೊತ್ತು."

ಉಳಿದ ಮನೆಗಳಲ್ಲೂ ಅದೇ ಕಥೆ. ಒಂದು ಸಿಮ್ಮೂ ಹೋಗಲಿಲ್ಲ.

ಮದುವೆ ನೆನೆದು ಅಳು ಬರುತ್ತಿತ್ತು. ಬ್ಯಾಗು ಹಿಡಿದು ಮ್ಯಾನೇಜರ ಎದುರು ನಿಂತೆ.

"ಯಾಕಾಗಲಿಲ್ಲ?"

"ಸರ್, ನಮ್ಮ ರೇಂಜ್ ಬಹಳ ಚೆನ್ನಾಗಿದೆಯಂತೆ. ಅದಕ್ಕೇ ಬೇಡವಂತೆ."

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಬ್ಯಾಗು ಆಮೇಲೆ ಇಡು. ಹಳೇ ಕಂಪನಿಯವರು ನಿನಗೆ ಎಷ್ಟು ಕೊಡ್ತಿದ್ದಾರೆ, ನಿಜ ಹೇಳು."