ಬೆಕ್ಕಿನ ಮರಿಯೂ ಮೂವರ ಟಿಪ್ಪಣಿಯೂ

ಅಚ್ಚುಕಟ್ಟೂ ಒಂದು ರೋಗವೆಂದು ನನಗೆ ಯಾರೂ ಹೇಳಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ನೋಟ್‌ಬುಕ್ಕನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸುತ್ತಿದ್ದರು. ಒಂದು ಕಾಟಿಲ್ಲ, ಚಿತ್ತಿಲ್ಲ! ಆ ಹೆಮ್ಮೆ ಇನ್ನೂ ಇಳಿದಿಲ್ಲ.

ನಮ್ಮದು ಮೂವರ ಸಣ್ಣ ವ್ಯಾಪಾರ. ತ್ಯಾಗಲಿಯ ಸುಮತಕ್ಕ ಬಿಸಿ ಮಡಕೆಯ ಬೆನ್ನಿಗೆ ಕಬ್ಬಿನಹಾಲಿನ ಹಿಟ್ಟು ಸವರಿ, ಕಾಗದದಷ್ಟು ತೆಳ್ಳಗಿನ ತೊಡೆದೇವು ಎಬ್ಬಿಸುತ್ತಾಳೆ. ದಾಸನಕೊಪ್ಪದ ಗಿರಿಜಾ ಕಡಕ್ ರೊಟ್ಟಿ ತಟ್ಟುತ್ತಾಳೆ. ಶಿರಸಿಯಲ್ಲಿ ಕೂತು ಪ್ಯಾಕ್ ಮಾಡುವವಳು ನಾನು. ಆರ್ಡರುಗಳು ಮೂರು ಮನೆಗೂ ಬರುವುದರಿಂದ ಮೂವರೂ ಬರೆಯಬಹುದಾದ ಒಂದು ಟಿಪ್ಪಣಿ ಆ್ಯಪ್ ಬೇಕಾಯಿತು. ಹುಡುಕಿದರೆ, ಒಂದಕ್ಕೆ ತಿಂಗಳ ಬಾಡಿಗೆ. ಇನ್ನೊಂದು ಪುಕ್ಕಟೆ, ಆದರೆ ಇಬ್ಬರಿಗೆ ಮಾತ್ರ. ಮೂರನೆಯವಳನ್ನು ಜಗುಲಿಯಲ್ಲಿ ಕೂರಿಸಲಾದೀತೇ? ಗಿರಿಜಾ ಹುಡುಕಿ ಹಾಕಿಕೊಟ್ಟದ್ದು ಮೂವರಿಗೂ ಪುಕ್ಕಟೆ, ಅಳಿಸಿದ್ದನ್ನು ಏಳು ದಿನ ಕಾದಿಡುತ್ತದಂತೆ. ಮೊದಲ ದಿನ ನಾನು ಸೌಟು ಹಿಡಿದು ಬಾಯಿಬಿಟ್ಟು ನಿಂತೆ. ಸುಮತಕ್ಕ ತ್ಯಾಗಲಿಯಲ್ಲಿ ಒತ್ತಿದ ಅಕ್ಷರ ನನ್ನ ಅಡುಗೆಕಟ್ಟೆಯ ಮೇಲೆ ಒಂದೊಂದಾಗಿ ಮೂಡುತ್ತಿತ್ತು. ಅವಳು ತಪ್ಪಿ, ತಡವರಿಸಿ, ತಿದ್ದುವುದೂ ಕಾಣುತ್ತಿತ್ತು!

ಆದರೆ ಸುಮತಕ್ಕ ಬರೆಯುವುದು ತವರಿಗೆ ಕಾಗದ ಬರೆದ ಹಾಗೆ. ಬೆನ್ನುನೋವು, ಹಲಸಿನ ಹಪ್ಪಳ, ಬೆಕ್ಕು. ನಾನು ಸಂಜೆ ಅದನ್ನೆಲ್ಲ ಒರೆಸಿ, ಆರ್ಡರುಗಳನ್ನಷ್ಟೇ ಸಾಲಾಗಿ ನಿಲ್ಲಿಸುತ್ತಿದ್ದೆ.

ಮೊನ್ನೆ ಬುಧವಾರ ಅವಳ ಫೋನು. "ಶುಕ್ರವಾರದ ಸೀಮಂತ ಯಾರ ಮನೇದೇ? ಆನು ಹೋದ ಗುರುವಾರ ಬರೆದಿದ್ದು ಎಲ್ಲೂ ಕಾಣ್ತಿಲ್ಲೆ ಮಾರಾಯ್ತಿ! ಲ್ಯಾಂಡ್‌ಲೈನಿಗೆ ಬಂದ ಫೋನು, ಎಷ್ಟು ಹೇಳಿದ್ರೋ ಎಂತೋ, ನೆನಪೇ ಇಲ್ಲೆ."

ಸೀಮಂತವೆಂದರೆ ನಮ್ಮ ಮೊದಲ ದೊಡ್ಡ ಆರ್ಡರು. ಬಸುರಿಯ ಎಲೆಗೆ ತೊಡೆದೇವು ತಪ್ಪಿಸಿದವರನ್ನು ಮುಂದೆ ಯಾರು ಕೇಳುತ್ತಾರೆ? ಗಿರಿಜಾಳನ್ನೂ ಅದೇ ಕರೆಗೆ ಸೇರಿಸಿಕೊಂಡು, "ಪುಕ್ಕಟೆ ಅಂದ್ರೆ ಹೀಗೇ, ಗುರುವಾರದ್ದನ್ನ ನಿನ್ನ ಆ್ಯಪ್ ನುಂಗಿಬಿಡ್ತು" ಎಂದೆ.

"ಅದ್ಯಾಕ್ ನುಂಗತೈತ್ರಿ ಅಕ್ಕಾರ? ಮ್ಯಾಲೆ ಗಡಿಯಾರದ ಗುರುತು ಐತಲ್ರಿ, ಒತ್ರಿ. ಇವತ್ತ ಏಳನೇ ದಿನ, ನಾಳೆ ಸಿಗಂಗಿಲ್ಲ!"

ಒತ್ತಿದೆ. ಹೋದ ಗುರುವಾರ ಇದ್ದ ಹಾಗೇ ಎದ್ದು ಬಂತು. ಅಳಿಸಿದ ಸಾಲುಗಳು ಕೆಂಪಾಗಿ ಹೊಳೆಯುತ್ತಿದ್ದವು: 'ಬೆಕ್ಕು ಮೂರು ಮರಿ ಹಾಕಿದ್ದು, ಒಂದು ಬಿಳಿ. ಅದನ್ನ ನೋಡ್ತಾ ಇದ್ದಾಗ ಕೆಳಗಿನಮನೆಯಿಂದ ಫೋನು, ಸೀಮಂತಕ್ಕೆ ಇನ್ನೂರು ತೊಡೆದೇವು.' ಪಕ್ಕದಲ್ಲಿ ಅಳಿಸಿದವರ ಹೆಸರು, ಗಂಟೆ, ನಿಮಿಷ.

ಅವರಿಬ್ಬರೂ ತಮ್ಮ ಫೋನಿನಲ್ಲಿ ಅದೇ ಗುರುತು ಒತ್ತಿದರು. ಆಮೇಲೆ ಸುಮತಕ್ಕ ಮೆಲ್ಲಗೆ, "ಇದು ನಿನ್ನ ಹೆಸರೇ ಅಲ್ದನೆ?" ಎಂದಳು.

ಸಿಸ್ಟರ್ ಬಿಟ್ಟರೆ ನನ್ನ ನೋಟ್‌ಬುಕ್ಕನ್ನು ಹೀಗೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ್ದು ಈ ಆ್ಯಪ್ ಒಂದೇ.

ತೊಡೆದೇವು ಹೊತ್ತಿಗೆ ಸರಿಯಾಗಿ ಸೀಮಂತದ ಮನೆ ಸೇರಿತು. ಈಗ ಒಂದಕ್ಷರ ಅಳಿಸುವ ಧೈರ್ಯ ನನಗಿಲ್ಲ. ನಿನ್ನೆ ಬಿಳಿ ಮರಿ ಕಣ್ಣು ಬಿಟ್ಟಿತಂತೆ, ಸುಮತಕ್ಕ ಬರೆದಿದ್ದಳು. ಒಳಗೆಲ್ಲಾದರೂ ಆರ್ಡರ್ ಅಡಗಿದೆಯೇನೋ ಎಂದು ಎರಡು ಸಲ ಓದಿದೆ. ಇರಲಿಲ್ಲ. ಮೂರನೆಯ ಸಲ ಮರಿಗಾಗಿಯೇ ಓದಿದೆ.