ಬೋರ್ಡೋ ದ್ರಾಕ್ಷಿಗೆ ನಮ್ಮೂರ ಬೆಲ್ಲ

ಗಣಿ ಭರಾಟೆಯ ಆ ದಿನಗಳಲ್ಲಿ ನಗುವಂಥ ಸಂಗತಿ ವಾರಕ್ಕೊಂದಾದರೂ ನಡೆಯುತ್ತಿತ್ತು. ಇದನ್ನು ನನಗೆ ಮೊದಲು ಹೇಳಿದವನು ಗಾದಿಗನೂರಿನ ನನ್ನ ಷಡ್ಡಕ ಬಸಣ್ಣ. ಸಂಡೂರಿನ ಗಣಿ ಧಣಿಯೊಬ್ಬರ ಕಾರು ಓಡಿಸುತ್ತಿದ್ದ. ಅದಿರು ಕೊಳ್ಳುವ ಫ್ರಾನ್ಸಿನ ಸಾಹೇಬನೊಬ್ಬ ಧಣಿಯನ್ನು ತನ್ನ ಸೀಮೆ ಬೋರ್ಡೋಗೆ ಕರೆದ. ಆತನ ಮನಸ್ಸು ಗೆದ್ದರೆ ಮೂರು ವರ್ಷದ ಕರಾರು. ಇಲ್ಲವಾದರೆ ತೆಗೆದ ಅದಿರು ಗುಡ್ಡದಲ್ಲೇ ರಾಶಿ. ರೊಟ್ಟಿ, ಶೇಂಗಾ ಚಟ್ನಿ ಹೊರಲು ಬಸಣ್ಣನೂ ಹೊರಟ. ಕಂಪ್ಲಿ ಕಡೆಯ ನಮಗೆ ಬೋರ್ಡೋ ಅಂದರೆ ಎಲೆಬಳ್ಳಿಗೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧ. ಆ ಹೆಸರಿನ ಊರೂ ಇದೆಯೆಂದು ಆಗಲೇ ತಿಳಿದದ್ದು.

೧. ಮಣ್ಣಿನ ಗುಣ

ಹೊಳೆಯ ಎರಡೂ ದಂಡೆಗೆ ಕಣ್ಣು ಹಾಯುವಷ್ಟೂ ದ್ರಾಕ್ಷಿ. ಸಾಹೇಬ ಬೊಗಸೆ ಮಣ್ಣು ಎತ್ತಿದ. "ಈ ದಂಡೆ ಗರಸು, ಆ ದಂಡೆ ಜೇಡಿ. ಅದಕ್ಕೇ ಒಂದೊಂದು ತೋಟದ ವೈನಿಗೆ ಒಂದೊಂದು ರುಚಿ" ಅಂದದ್ದನ್ನು ದುಭಾಷಿ ಕನ್ನಡದಲ್ಲಿ ಹೇಳಿದ. ಧಣಿ ಮಣ್ಣನ್ನು ಅಂಗೈಯಲ್ಲಿ ತೂಗಿ, "ಕಬ್ಬಿಣ ಎಷ್ಟು ಪರ್ಸೆಂಟ್ ಐತಿ ಕೇಳ್ರಿ" ಅಂದರು. ಹೇಳಿಕೊಳ್ಳುವಷ್ಟೇನೂ ಇಲ್ಲವೆಂದು ತಿಳಿದಾಗ ಸಾಹೇಬನ ಹೆಗಲು ತಟ್ಟಿ, "ಪಾಪ, ಅದಕ್ಕ ಇನ್ನೂ ಒಕ್ಕಲುತನ ಮಾಡಾಕತ್ತೀರಿ" ಅಂದರಂತೆ.

೨. ಉಗುಳುವ ಶಾಸ್ತ್ರ

ನೆಲಮಾಳಿಗೆಯಲ್ಲಿ ಹನ್ನೆರಡು ಬಗೆ: ಕೆಂಪು, ಬಿಳಿ, ಜೇನಿನಂಥ ಸಿಹಿ. ರುಚಿ ನೋಡಿ ಬಕೀಟಿಗೆ ಉಗುಳುವುದು ಅಲ್ಲಿಯ ಪದ್ಧತಿ. ಉಳಿದ ಅತಿಥಿಗಳ ಅಂಗಿಯೆಲ್ಲ ಕಲೆ. ನಮ್ಮ ಧಣಿ ಎರಡು ಮಾರು ದೂರದಿಂದ, ಒಂದು ಹನಿ ಚೆಲ್ಲದೆ, ನೇರ ಬಕೀಟಿಗೇ! ಮಾಳಿಗೆಯ ಮುದುಕ ಬೆರಗಾಗಿ, "ಯಾವ ಶಾಲೆಯಲ್ಲಿ ಕಲಿತಿರಿ?" ಎಂದು ಕೇಳಿದ.

"ಶಾಲಿ ಎಲ್ಲೀದ್ರಿ? ನಲವತ್ತು ವರ್ಷದ ಎಲೆ-ಅಡಿಕಿ!"

೩. ಅವ್ವನ ಉಪಚಾರ

ಮರುವರ್ಷ ಸುಡು ಬೇಸಿಗೆಯಲ್ಲಿ ಸಾಹೇಬ ಕರಾರಿನ ಕಾಗದ ಹಿಡಿದು ಧಣಿಯ ಹೊಸಪೇಟೆ ಮನೆಗೆ ಬಂದ. ಅವನಿಗಾಗಿ ಧಣಿ ಬೋರ್ಡೋದಿಂದ ಇಪ್ಪತ್ತು ವರ್ಷ ಹಳೆಯ ವೈನು ತಂದಿಟ್ಟಿದ್ದರು. ಮನೆಯೋ ಲಿಂಗಪೂಜೆಯ ಮನೆ. ಹಾಗಾಗಿ ತಾಯಿಗೆ, "ದ್ರಾಕ್ಷಿ ರಸ ಐತಬೇ, ಸಾಹೇಬರಿಗೆ" ಎಂದಷ್ಟೇ ಹೇಳಿದ್ದರು.

ಊಟಕ್ಕೆ ಕೂತಾಗ ಅವ್ವ ಸ್ಟೀಲ್ ಲೋಟಗಳಲ್ಲಿ ಹೊಗೆಯಾಡುವ ಪಾನಕ ತಂದರು. ಅಷ್ಟೂ ವೈನನ್ನು ಬೆಲ್ಲ, ಏಲಕ್ಕಿ, ಲವಂಗ ಹಾಕಿ ಕುದಿಸಿಬಿಟ್ಟಿದ್ದರು!

ಧಣಿ ಬೆವತುಹೋದರು. "ಕರಾರು ಹೋತಲೇ ಬಸಣ್ಣ" ಎಂದು ಪಿಸುಗುಟ್ಟಿದರು.

ಸಾಹೇಬ ಒಂದು ಗುಟುಕು ಕುಡಿದ. ಕಣ್ಣು ತುಂಬಿತು. "ಚಳಿಗಾಲದಲ್ಲಿ ನಮ್ಮಜ್ಜಿ ಹೀಗೇ ಕುದಿಸಿ ಕೊಡುತ್ತಿದ್ದಳು" ಎಂದ. ಇನ್ನೆರಡು ಲೋಟ ಕೇಳಿ ಕುಡಿದ. ಅಲ್ಲೇ ಸಹಿ ಹಾಕಿದ.

ಅವ್ವ ಮಗನನ್ನು ಒಳಗೆ ಕರೆದು ಗದರಿದರು: "ಮುಂದಿನ ಸಲ ತಾಜಾ ರಸ ತರಲೇ! ಇದು ಕೆಟ್ಟು ಹುಳಿ ವಾಸನಿ ಹೊಡ್ಯಾಕತ್ತಿತ್ತು. ಎರಡು ಅಚ್ಚು ಬೆಲ್ಲ ಹಾಕಿ ನಿನ್ನ ಮಾನ ಉಳಿಸೀನಿ."

ಓದಿದವರು ನಾಲ್ಕು ಮಂದಿಗೆ ಹೇಳಿರಿ. ಆ ತಾಯಿಯ ಕಿವಿಗೆ ಮಾತ್ರ ಬೀಳದಿರಲಿ. ಸೋಮವಾರ ತಪ್ಪದೆ ಉಪವಾಸ ಮಾಡುವ ಜೀವ.